ಗಾಲಿ ದೊಡ್ಡದಾದ ಪ್ರಸಂಗ

ಸೇಡಮ್ಮಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳಿಕೊಂಡಿರುವ ನನಗೂ ಮೋಟಾರು ಗಾಡಿಯ ಟಯರಿಗೂ ಯಾವ ಜನ್ಮದ ನಂಟಿತ್ತೋ ತಿಳಿಯದು. ಷಟ್ಪದಿಗಳ ಮಾತ್ರೆ ಎಣಿಸುತ್ತ ನೆಮ್ಮದಿಯಾಗಿದ್ದವನು ಕಳೆದ ವರ್ಷ ಮೂರು ತಿಂಗಳ ಕಾಲ ರಬ್ಬರಿನ ಮಿಲಿಮೀಟರುಗಳನ್ನು ಎಣಿಸುತ್ತ ನಿದ್ದೆಗೆಟ್ಟೆ. ಅದರ ಕಥೆಯನ್ನು ಓದುಗರ ಮುಂದಿಡುತ್ತೇನೆ. ನಗುವವರು ನಗಲಿ, ಕಾರಿರುವವರು ಮಾತ್ರ ಸ್ವಲ್ಪ ಗಮನವಿಟ್ಟು ಓದಲಿ.

ನಮ್ಮ ಸೀಮೆಯ ರಸ್ತೆಗಳ ವಿಷಯವನ್ನು ಮೊದಲು ಹೇಳಬೇಕು. ವಾಡಿಯಲ್ಲಿ ಸಿಮೆಂಟು, ಸೇಡಮ್ಮಿನಲ್ಲಿ ಸಿಮೆಂಟು; ನೃಪತುಂಗನ ಮಾನ್ಯಖೇಟವಾಗಿದ್ದ ಮಳಖೇಡದಲ್ಲಿಯೂ ಸಿಮೆಂಟು. ಶಹಾಬಾದಿನ ಕಲ್ಲಂತೂ ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿಗೆಯಾಗಿದೆ. ಇವೆಲ್ಲವೂ ಲಾರಿಗಳ ಬೆನ್ನೇರಿ ಹೊರಡುವುದು ನಾವು ಓಡಾಡುವ ರಸ್ತೆಗಳ ಮೇಲೆಯೇ. ಕೆಳಗಿನದು ಎರೆಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ಮೇಲೆ ಲಾರಿ, ಕೆಳಗೆ ಎರೆ. ನಡುವಿನ ಡಾಂಬರಿನ ಪಾಡು ಹೇಳತೀರದು.

ನನ್ನ ಸಂಸಾರವೋ ಈ ರಸ್ತೆಗಳಿಗೇ ಕಟ್ಟುಬಿದ್ದುದು. ಉದ್ಯೋಗ ಸೇಡಮ್ಮಿನಲ್ಲಿ, ಅತ್ತೆಯ ಮನೆ ಚಿತ್ತಾಪುರದಲ್ಲಿ, ವೃದ್ಧ ತಾಯಿ ಇರುವುದು ಚಿಂಚೋಳಿಯ ಕಡೆಯ ಹಳ್ಳಿಯಲ್ಲಿ. ತೊಗರಿಬೇಳೆಯ ವ್ಯಾಪಾರಿಯೊಬ್ಬರಿಂದ ಹಳೆಯ ಸ್ವಿಫ್ಟ್ ಕಾರೊಂದನ್ನು ಕೊಂಡೆ. ಕೊಂಡ ವಾರದಲ್ಲಿಯೇ ಅದರ ಹೊಟ್ಟೆ ರಸ್ತೆಯ ಉಬ್ಬುಗಳಿಗೆ ತಗಲಿ ಕರ್ಕಶವಾಗಿ ಕೂಗತೊಡಗಿತು. ಒಮ್ಮೊಮ್ಮೆ ತಗಲಿದಾಗಲೂ ನನ್ನ ಹೊಟ್ಟೆಯೇ ಉಜ್ಜಿದಂತಾಗುತ್ತಿತ್ತು.

“ಗಾಲಿ ದೊಡ್ಡವು ಹಾಕಸ್ರಿ ಸರ್, ಗಾಡಿ ಮ್ಯಾಲ ಏಳ್ತದ” ಎಂದರು ಇತಿಹಾಸದ ಸಹೋದ್ಯೋಗಿಗಳು. ಇತಿಹಾಸಕಾರರ ಮಾತನ್ನು ಆಧಾರ ಕೇಳದೆ ಒಪ್ಪಬಾರದೆಂದು ತಿಳಿದಿದ್ದೂ ಒಪ್ಪಿದೆ. ನಗರದ ಅಂಗಡಿಯೊಂದರಲ್ಲಿ ಹಳೆಯ ಗಾಲಿಗಳನ್ನು ಕೊಟ್ಟು, ಮಿರಮಿರನೆ ಮಿಂಚುವ ಹೊಸ ಡಿಸ್ಕುಗಳನ್ನೂ ಅಗಲವಾದ ಟಯರುಗಳನ್ನೂ ಹಾಕಿಸಿದೆ. ಅಂಗಡಿಯ ಹುಡುಗ ಖಾಲಿ ಗಾಡಿಯನ್ನು ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಿಸಿ, “ಎಲ್ಲಿಯೂ ತಾಗೋದಿಲ್ಲ” ಎಂದು ಪ್ರಮಾಣಪತ್ರ ನೀಡಿದ. ಹಣಕೊಟ್ಟು ಮನೆಗೆ ಬಂದಾಗ ನನ್ನಾಕೆ, “ಗಾಡಿಗಿ ಚಲೋ ಕಳಾ ಬಂತು ನೋಡ್ರಿ” ಎಂದಳು. ಆ ಒಂದು ಮಾತಿಗೆ ಕೊಟ್ಟ ಹಣವೆಲ್ಲ ಸಂದಿತೆಂದು ಭಾವಿಸಿದೆ.

ಆ ಭಾವನೆ ಬಾಳಿದ್ದು ಹನ್ನೊಂದು ದಿನ.

ಊರಲ್ಲಿ ತಂದೆಯವರ ತಿಥಿ ಮುಗಿಸಿ ತಾಯಿಯನ್ನು ಸೇಡಮ್ಮಿಗೆ ಕರೆತರುತ್ತಿದ್ದೆ. ಗಾಡಿಯಲ್ಲಿ ಐವರು, ಹಿಂದೆ ಒಂದು ಚೀಲ ಜೋಳ. ರಾತ್ರಿ ಎಂಟರ ಸಮಯ. ತಗ್ಗಿಗೊಮ್ಮೆ ಹಿಂದಿನಿಂದ ‘ಗರ್ರ್’ ಎಂಬ ಸದ್ದು. ತಿರುವಿನಲ್ಲಿ ಮುಂದಿನಿಂದಲೂ ಅದಕ್ಕೆ ಓಗೊಡುವ ಇನ್ನೊಂದು. “ಯಪ್ಪಾ, ನಿನ್ನ ಗಾಡಿ ನರಳಲತ್ತದ” ಎಂದರು ತಾಯಿ. ರಸ್ತೆಯ ಸದ್ದೆಂದು ಸಮಾಧಾನ ಹೇಳಿದೆ. ಮುಂದೆ ಹೋದಂತೆ ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಇಳಿದು ಬೆಳಕು ಬಿಟ್ಟು ನೋಡುತ್ತೇನೆ: ಎಡಹಿಂದಿನ ಟಯರಿನ ಹೆಗಲನ್ನು ಮಡ್‌ಗಾರ್ಡಿನ ಒಳ ಅಂಚು ಈಳಿಗೆಮಣೆ ಸವತೆಕಾಯಿಯನ್ನು ಹೆರೆಯುವಂತೆ ಸುತ್ತಲೂ ಹೆರೆದುಬಿಟ್ಟಿದೆ, ಒಂದೆಡೆ ಒಳಗಿನ ನೂಲು ಕಾಣುತ್ತಿದೆ. ಇನ್ನೊಂದಿಷ್ಟು ವೇಗದಲ್ಲಿದ್ದು ಅದು ಸಿಡಿದಿದ್ದರೆ? ಎದುರಿನಿಂದ ಕಲ್ಲು ತುಂಬಿದ ಲಾರಿ ಬರುತ್ತಿದ್ದರೆ? ಕತ್ತಲಲ್ಲಿ ಸ್ಟೆಪ್ನಿ ಬದಲಾಯಿಸುವಾಗ ನನ್ನ ಕೈ ನಡುಗುತ್ತಿದ್ದುದನ್ನು ಮಕ್ಕಳು ಕಾಣಲಿಲ್ಲ, ತಾಯಿ ಕಂಡರು. ಮನೆ ಮುಟ್ಟಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: “ಹೋಗೋ ಮುಂದ ನಾ ಬಸ್ಸಿಗೇ ಹೋಗ್ತೀನಪ್ಪ.” ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ವಾಡಿಯಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಕರೆಯುವುದು ಉಸ್ತಾದ್ ಎಂದು. ಗಾಡಿಯನ್ನು ಸುತ್ತುಹಾಕಿ ನೋಡಿದವರೇ, “ಏನ್ ಸರ್, ಮಗನ ಕಾಲಿಗಿ ಅಪ್ಪನ ಜೋಡು ತೊಡಿಸೀರಿ!” ಎಂದು ನಕ್ಕರು. ಬಳಿಕ ಅವರು ನಡೆಸಿದ ಪರೀಕ್ಷೆಯನ್ನು ನಾನು ಮರೆಯುವಂತಿಲ್ಲ. ಅಂಗಳದಲ್ಲಿದ್ದ ಶಹಾಬಾದಿ ಫರಸಿಗಳನ್ನು ಒಂದರ ಮೇಲೊಂದು ಪೇರಿಸಿ, ಎಡಹಿಂದಿನ ಗಾಲಿಯನ್ನೂ ಬಲಮುಂದಿನ ಗಾಲಿಯನ್ನೂ ಅವುಗಳ ಮೇಲೇರಿಸಿದರು. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿದರು. “ಸರ್, ನಿಮ್ಮ ಕಿಸೆದಾಗ ಖಡು ಅದ ಏನ್?” ಎಂದರು. ಅಧ್ಯಾಪಕನ ಕಿಸೆಯಲ್ಲಿ ಸೀಮೆಸುಣ್ಣಕ್ಕೆ ಕೊರತೆಯೆ? ಟಯರುಗಳ ಹೆಗಲಿಗೆ ಅದನ್ನು ಬಳಿದು, ಗಾಡಿಯನ್ನು ಕುಲುಕಾಡಿಸಿ, ಸ್ಟೇರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿದರು. ಹಿಂದಿನ ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಬಿಳಿಯ ಕಮಾನು ಮೂಡಿತು. ಮುಂದೆ ಪ್ಲಾಸ್ಟಿಕ್ಕಿನ ಒಳಹೊದಿಕೆಯ ಮೇಲೆ ಅದರದೇ ತಂಗಿ. ಖಾಲಿ ಗಾಡಿ ನೆಟ್ಟಗೆ ನಿಂತಾಗ ಯಾವ ಗಾಲಿಯೂ ತಾಗದು. ಸಂಸಾರ ಕುಳಿತು, ತಗ್ಗಿಗೆ ಇಳಿದು, ತಿರುಗುವಾಗ ತಾನೆ ಗಾಲಿಯ ನಿಜವಾದ ಅಳತೆ ತಿಳಿಯುವುದು?

ಅಳತೆಯೂ ಗುಟ್ಟೇನಲ್ಲ, ಟಯರಿನ ಮೈಮೇಲೆಯೇ ಅಚ್ಚಾಗಿರುತ್ತದೆ. ನನ್ನ ಹಳೆಯದು 165/80 ಆರ್ 14. ಅಗಲ 165 ಮಿಲಿಮೀಟರು. ಪಕ್ಕೆಯ ಎತ್ತರ ಅದರ ನೂರಕ್ಕೆ 80. ಡಿಸ್ಕಿನ ಅಡ್ಡಳತೆ 14 ಅಂಗುಲ. ಕೂಡಿಸಿದರೆ ಇಡೀ ಗಾಲಿ ಸುಮಾರು 620 ಮಿಲಿಮೀಟರು. ನಾನು ಹಾಕಿಸಿದ್ದು 205/65 ಆರ್ 15, ಅಂದರೆ 647ಕ್ಕೂ ಮಿಕ್ಕಿ. ಇದರಲ್ಲಿ ಅರ್ಧ ಮಾತ್ರ ಗಾಡಿಯನ್ನೆತ್ತುವುದಾದ್ದರಿಂದ ನನಗೆ ದಕ್ಕಿದ ಎತ್ತರ 14 ಮಿಲಿಮೀಟರು, ಅರ್ಧ ಅಂಗುಲಕ್ಕೆ ಚೂರು ಹೆಚ್ಚು! ಅಗಲವೋ 40 ಮಿಲಿಮೀಟರು ಬೆಳೆದಿತ್ತು. ಸಾಲದೆಂಬಂತೆ ಡಿಸ್ಕಿನ ಮೇಲೆ ‘ಇ.ಟಿ.’ ಎಂದು ಕೊರೆದಿರುವ ಸಂಖ್ಯೆ ಹಳೆಯದಕ್ಕಿಂತ ಏಳು ಕಡಿಮೆ. ಗಾಲಿಯನ್ನು ನಟ್ಟು ಹಾಕಿ ಕೂರಿಸುವ ಮುಖ ಅದರ ನಟ್ಟನಡುವಿನಿಂದ ಎಷ್ಟು ದೂರವಿದೆ ಎಂಬುದರ ಲೆಕ್ಕವದು. ಏಳು ಕಡಿಮೆಯಾದರೆ ಗಾಲಿ ಏಳು ಮಿಲಿಮೀಟರು ಹೊರಕ್ಕೆ ಸರಿಯುತ್ತದೆ. ಅಗಲದ ಅರ್ಧವಾದ 20, ಅದಕ್ಕೆ ಈ 7: ಒಟ್ಟು 27 ಮಿಲಿಮೀಟರು ನನ್ನ ಟಯರು ಮಡ್‌ಗಾರ್ಡಿನ ಅಂಚಿನತ್ತ ಮೈಚಾಚಿತ್ತು. ವೇಗದ ಮುಳ್ಳೂ ಸುಳ್ಳು ಹೇಳುತ್ತಿತ್ತು. ಅದು 60 ಎಂದಾಗ ಗಾಡಿ ಓಡುತ್ತಿದ್ದುದು ಮೊದಲಿಗಿಂತ ನೂರಕ್ಕೆ ನಾಲ್ಕೂವರೆ ಹೆಚ್ಚು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ. ಹದಿನೈದನೆಯದನ್ನು ತುರುಕಿದ ವಿದ್ಯಾರ್ಥಿಯ ಕಾಗದಕ್ಕೆ ಕೆಂಪು ಗೀರೆಳೆಯುವ ನಾನು ಈ ಲೆಕ್ಕವನ್ನು ಅಂಗಡಿಯಲ್ಲಿ ಏಕೆ ಮಾಡಲಿಲ್ಲ?

ಮಡ್‌ಗಾರ್ಡಿನ ಅಂಚನ್ನು ಕಾಯಿಸಿ ಒಳಕ್ಕೆ ಮಡಿಸಬಹುದಲ್ಲ ಎಂದು ಕೇಳಿದೆ. “ಮಡಚಬಹುದು. ಬಣ್ಣ ಬಿರೀತದ, ಎರಡು ಮಳಿಗಿ ಜಂಗ ಹಿಡೀತದ” ಎಂದರು. ಚಿತ್ತಾಪುರದಲ್ಲಿ ವಕೀಲಿ ಮಾಡುವ ನನ್ನ ಭಾವಮೈದುನ ಇದಕ್ಕೆ ಇನ್ನಷ್ಟು ಉಪ್ಪು ಸವರಿದ: 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿದಿದೆ.

ಉಸ್ತಾದರು ಅಷ್ಟಕ್ಕೆ ಬಿಡಲಿಲ್ಲ. ಅವರ ಗ್ಯಾರೇಜಿನಲ್ಲಿಯೇ ನನ್ನ ಕಾರಿನ ಜಾತಿಯ ಇನ್ನೊಂದು ನಿಂತಿತ್ತು. ಗಾಲಿಯ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಎರಡನ್ನೂ ಅಳೆದರು. ನನ್ನದು ಹಿಂದೆ ಪೂರಾ ಎರಡು ಬೆರಳು ಕುಸಿದಿತ್ತು. “ಸ್ಪ್ರಿಂಗ್ ಕೂತಾವ. ಮದಲಿನ ಮಾಲಕರು ಏನ್ ಹೇರ್ತಿದ್ರು?” ತೊಗರಿಬೇಳೆಯ ಮೂಟೆಗಳು ನನ್ನ ಕಣ್ಣಮುಂದೆ ಸಾಲುಗಟ್ಟಿ ನಿಂತವು. ಗಾಡಿ ಗಿಡ್ಡದಾಗಿರಲಿಲ್ಲ, ಅದಕ್ಕೆ ಬೆನ್ನು ಬಿದ್ದಿತ್ತು. ಬೆನ್ನುನೋವಿಗೆ ನಾನು ಎತ್ತರದ ಜೋಡು ತೊಡಿಸಿದ್ದೆ.

ಹೊಸ ಸ್ಪ್ರಿಂಗು, ಹೊಸ ಶಾಕಪ್ಸರುಗಳು ಬಂದವು. ಆ ವೆಚ್ಚ ಮಿಂಚುವ ಡಿಸ್ಕುಗಳಿಗೆ ಸುರಿದದ್ದಕ್ಕಿಂತ ಕಡಿಮೆಯೆಂಬುದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ. ದೊಡ್ಡ ಗಾಲಿಯ ಆಸೆಯನ್ನೂ ಉಸ್ತಾದರು ಪೂರ್ತಿ ಮುರಿಯಲಿಲ್ಲ. ಇದೇ ಕಾರಿನ ಮೇಲ್ದರ್ಜೆಯ ಮಾದರಿಗೆ ಕಂಪನಿಯವರೇ ಕೊಡುವ 15 ಅಂಗುಲದ ಡಿಸ್ಕು, 185/65ರ ಟಯರು ಹುಡುಕಿಸಿದರು. ಡಿಸ್ಕು ದೊಡ್ಡದಾದರೂ ಪಕ್ಕೆ ಗಿಡ್ಡವಾದುದರಿಂದ ಇಡೀ ಗಾಲಿ ಹಳೆಯದಕ್ಕಿಂತ ಎರಡೇ ಮಿಲಿಮೀಟರು ದೊಡ್ಡದು. ಮತ್ತೆ ಫರಸಿಯ ಮೇಲೆ ಹತ್ತಿಸಿ, ಮತ್ತೆ ಸೀಮೆಸುಣ್ಣ ಬಳಿದು ನೋಡಿದೆವು. ಮಡ್‌ಗಾರ್ಡು ಕಪ್ಪಗೇ ಉಳಿಯಿತು.

ತಾಯಿ ಊರಿಗೆ ಹೊರಟ ದಿನ ಕೈಚೀಲ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಮುಖ ಮಾಡಿದ್ದರು. ನಾನು ಒತ್ತಾಯಿಸಲಿಲ್ಲ, ಕಾರಿನ ಬಾಗಿಲು ತೆಗೆದು ಸುಮ್ಮನೆ ನಿಂತೆ. ಸ್ವಲ್ಪ ಹೊತ್ತು ನನ್ನನ್ನೂ ಗಾಲಿಯನ್ನೂ ನೋಡಿ ಹತ್ತಿ ಕುಳಿತರು. ಚಿಂಚೋಳಿಯವರೆಗೆ ಇಬ್ಬರೂ ಮಾತನಾಡಲಿಲ್ಲ, ಇಬ್ಬರೂ ಕಿವಿಗೊಟ್ಟಿದ್ದೆವು. ಚಿಂಚೋಳಿ ದಾಟಿದ ಮೇಲೆ ಅವರು ತಲೆ ಹಿಂದಕ್ಕಿಟ್ಟು ನಿದ್ದೆಹೋದರು.

ಆ ಅಗಲದ ಟಯರುಗಳಲ್ಲಿ ಮೂರು ಇನ್ನೂ ನಮ್ಮ ಅಟ್ಟದ ಮೇಲಿವೆ. ಕೊಳ್ಳಲು ಈಗಾಗಲೇ ಇಬ್ಬರು ಬಂದಿದ್ದರು. ಅಳತೆಯ ಟೇಪನ್ನೂ ಸೀಮೆಸುಣ್ಣವನ್ನೂ ಹಿಡಿದು ಅವರ ಕಾರಿನ ಬಳಿಗೆ ಹೋದೆ. ಇಬ್ಬರೂ ನನ್ನನ್ನು ವಿಚಿತ್ರವಾಗಿ ನೋಡಿ ಹೊರಟುಹೋದರು.