ತೊಳೆದ ತುಪ್ಪದ ಪರವಾಗಿ

ಮಾಗಿಯ ಒಣಗಾಳಿ ಬೀಸತೊಡಗಿತೆಂದರೆ ಸಾಸ್ವೆಹಳ್ಳಿ, ಹೊನ್ನಾಳಿ ಸೀಮೆಯಲ್ಲಿ ಐವತ್ತು ದಾಟಿದವರ ಮುಖ ಬಿಗಿಯುತ್ತದೆ, ಕೆನ್ನೆಯ ಮೇಲೆ ಬಿಳಿ ಹೊಟ್ಟೇಳುತ್ತದೆ. ಮನೆಮದ್ದು ಹೇಳುವವರಿಗೇನೂ ಬರವಿಲ್ಲ. ಲೋಳೆಸರದ ತಿರುಳನ್ನು ಕೊಬ್ಬರಿ ಎಣ್ಣೆಯ ಜೊತೆ ಮಿಕ್ಸಿಗೆ ಹಾಕಿ, ನಾಲ್ಕು ಹನಿ ನಿಂಬೆರಸ ಹಿಂಡಿ, ಬಾಟಲಿಗೆ ತುಂಬಿಟ್ಟುಕೊಳ್ಳಿ ಎನ್ನುವುದು ಈಗಿನ ರೂಢಿ. ನನ್ನ ತಕರಾರು ಇರುವುದು ಇಲ್ಲೇ. ಮುಖಕ್ಕೆ ಹಚ್ಚುವ ಮುಲಾಮಿನ ಗುಣ ಅದಕ್ಕೆ ಎಷ್ಟು ಸೊಪ್ಪು, ಹಣ್ಣು ಬಿದ್ದಿದೆ ಎಂಬುದರಿಂದ ಬರುವುದಿಲ್ಲ. ಅದರ ಜಿಡ್ಡು ಚರ್ಮದ ನೀರನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬುದರಿಂದ ಬರುತ್ತದೆ. ಆ ಕೆಲಸಕ್ಕೆ ನೂರು ಸಲ ತೊಳೆದ ತುಪ್ಪವನ್ನು ಮೀರಿಸುವ ಮನೆಯ ಮುಲಾಮನ್ನು ನಾನು ಕಾಣೆ.

ವಯಸ್ಸಾದಂತೆ ಚರ್ಮದ ಎಣ್ಣೆಗ್ರಂಥಿಗಳು ಸೊರಗುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಇದು ಎದ್ದು ಕಾಣುತ್ತದೆ. ಚರ್ಮದ ಹೊರಪದರದ ಕೋಶಗಳ ನಡುವೆ ಗಾರೆಯಂತಿರುವ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲಗಳೂ ಕಡಿಮೆಯಾಗುತ್ತವೆ. ಒಳಗಿನ ನೀರು ಆ ಸಂದುಗಳಿಂದ ಆವಿಯಾಗಿ ಹೋಗುತ್ತದೆ. ಹಾಗಾಗಿ ದಿನಕ್ಕೆ ಇಷ್ಟು ತಂಬಿಗೆ ನೀರು ಕುಡಿದರೆ ಮುಖ ಹೊಳೆಯುತ್ತದೆ ಎಂಬ ಮಾತು ಅರ್ಧ ಸತ್ಯವೂ ಅಲ್ಲ. ತುಂಬುವುದಕ್ಕಿಂತ ತಡೆಯುವುದು ಮುಖ್ಯ. ಮುಖ ತೊಳೆದು, ಪೂರ್ತಿ ಒರೆಸದೆ, ಹಸಿ ಇರುವಾಗಲೇ ಜಿಡ್ಡು ಹಚ್ಚಬೇಕು. ಒಣಗಿದ ಮುಖಕ್ಕೆ ಎಂಥ ಕ್ರೀಮು ಬಳಿದರೂ ಅರ್ಧ ಫಲ ನಷ್ಟ.

ಇನ್ನು ತೊಳೆಯುವ ಕೆಲಸ. ಚರಕ ಸಂಹಿತೆ ಇದನ್ನು ಶತಧೌತ ಘೃತವೆಂದು ಕರೆದು ವಿಸರ್ಪವೆಂಬ ಚರ್ಮರೋಗದ ಚಿಕಿತ್ಸೆಯಲ್ಲಿ ಹೇಳುತ್ತದೆ. ಅಗಲವಾದ ತಟ್ಟೆಗೆ ಎರಡು ಚಮಚ ಹೆಪ್ಪುಗಟ್ಟಿದ ತುಪ್ಪ, ಅದಕ್ಕೆ ಕಾಯಿಸಿ ಆರಿಸಿದ ಎರಡು ಚಮಚ ತಣ್ಣೀರು. ಅಂಗೈಯಿಂದ ಒಂದೇ ಹದದಲ್ಲಿ ಉಜ್ಜಬೇಕು, ತಟ್ಟೆ ಓರೆ ಮಾಡಿ ನೀರು ಬಸಿಯಬೇಕು, ಮತ್ತೆ ಹೊಸ ನೀರು. ಮೊದಮೊದಲು ಹರಳು ಹರಳಾಗಿ ಜಾರುವ ತುಪ್ಪ ನಿಧಾನವಾಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ. ಹಳದಿ ಮಾಸಿ ಬೆಳ್ಳಗಾಗುತ್ತದೆ, ಉಬ್ಬುತ್ತದೆ, ಬೆರಳಿಗೆ ಹರಳು ಸಿಗುವುದಿಲ್ಲ, ತುಪ್ಪದ ವಾಸನೆಯೂ ಹೋಗುತ್ತದೆ. ಆ ಬದಲಾವಣೆ ಕೈಗೆ ತಿಳಿಯುವ ಗಳಿಗೆಯ ಸುಖವೇ ಬೇರೆ. ನೂರು ಎಂಬ ಎಣಿಕೆಯಲ್ಲಿ ಮಂತ್ರವೇನೂ ಇಲ್ಲ. ನೀರಿನ ಹನಿಗಳು ಒಡೆದು ಒಡೆದು ಜಿಡ್ಡಿನೊಳಗೆ ಸಣ್ಣಗೆ ಹರಡಲು ಅಷ್ಟು ಉಜ್ಜು ಬೇಕು. ಇದನ್ನು ಚಳಿಗಾಲದ ಬೆಳಗಿನಲ್ಲೇ ಮಾಡಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ ತುಪ್ಪ ಎಣ್ಣೆಯಾಗಿ ಹರಿಯುತ್ತದೆ, ನೀರು ಹಿಡಿಯುವುದೇ ಇಲ್ಲ.

ಬೆಣ್ಣೆಯಲ್ಲೇ ನೀರಿದೆಯಲ್ಲ, ಅದನ್ನೇ ಹಚ್ಚಬಾರದೇ ಎಂದು ಬೆಣ್ಣೆದೋಸೆಯ ಜಿಲ್ಲೆಯವರು ಕೇಳಿದರೆ ತಪ್ಪಲ್ಲ. ಬೆಣ್ಣೆಯಲ್ಲಿ ಶೇ. 16ರಷ್ಟು ನೀರಿರುವುದು ನಿಜ, ಜೊತೆಗೆ ಹುಳಿಯುವ ಹಾಲಿನಂಶವೂ ಇದೆ. ಕಾಯಿಸಿದಾಗ ಅದು ಗಸಿಯಾಗಿ ತಳ ಸೇರುತ್ತದೆ. ಆಮೇಲೆ ಚೊಕ್ಕ ತುಪ್ಪಕ್ಕೆ ಚೊಕ್ಕ ನೀರನ್ನು ಮರಳಿ ಸೇರಿಸುತ್ತೇವೆ. ತಾಮ್ರದ ತಟ್ಟೆಯೇ ಆಗಬೇಕು ಎನ್ನುವವರ ಮಾತನ್ನು ಮಾತ್ರ ಒಪ್ಪಲಾರೆ. ತಾಮ್ರದ ಸೋಂಕಿಗೆ ಜಿಡ್ಡು ಬೇಗ ಕಮಟುತ್ತದೆ. ಸ್ಟೀಲ್ ತಟ್ಟೆ ಸಾಕು.

ಕಮಟಿಗಿಂತ ದೊಡ್ಡ ಅಪಾಯ ಬೂಷ್ಟು. ನೀರು ಸೇರಿದ ಯಾವ ಮುಲಾಮೂ ಕೆಡುತ್ತದೆ, ತೊಳೆದ ತುಪ್ಪವೂ ಕೆಡುತ್ತದೆ. ಅದಕ್ಕೇ ವಾರಕ್ಕಾಗುವಷ್ಟೇ ಮಾಡಿ ಫ್ರಿಜ್ಜಿನಲ್ಲಿಡಬೇಕು. ಲೋಳೆಸರದ ತಿರುಳಂತೂ ಸೂಕ್ಷ್ಮಜೀವಿಗಳಿಗೆ ಔತಣ. ಅದಕ್ಕೊಂದು ವಿಟಮಿನ್ ಇ ಗುಳಿಗೆ ಒಡೆದು ಹಾಕಿ, ಇನ್ನು ಆರು ತಿಂಗಳು ಕೆಡುವುದಿಲ್ಲ ಎಂದು ಹೇಳಿಕೊಡುವವರ ಮೇಲೆ ನನಗೆ ಸಿಟ್ಟಿದೆ. ವಿಟಮಿನ್ ಇ ಎಣ್ಣೆ ಕಮಟುವುದನ್ನು ತಡ ಮಾಡೀತು, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ತೆಳ್ಳಗಾದ, ಬೇಗ ಗೀರುಬೀಳುವ ವಯಸ್ಸಾದ ಚರ್ಮಕ್ಕೆ ಬೂಷ್ಟು ಹಿಡಿದದ್ದನ್ನು ಸಹಜವೆಂಬ ಹೆಸರಿನಲ್ಲಿ ಹಚ್ಚಿಸುವುದು ಅನ್ಯಾಯ. ನಿಂಬೆರಸ ಇನ್ನೂ ಕೆಟ್ಟದ್ದು: ಅದರ ಹುಳಿ ಚರ್ಮವನ್ನು ಉರಿಸುತ್ತದೆ, ಹಚ್ಚಿಕೊಂಡು ಗದ್ದೆಯ ಬಿಸಿಲಿಗೆ ಹೋದರೆ ಕಪ್ಪು ಕಲೆ ಉಳಿಯಬಹುದು.

ಹಾಗಾದರೆ ತೊಳೆದ ತುಪ್ಪ ಸುಕ್ಕು ಅಳಿಸುತ್ತದೆಯೇ? ಇಲ್ಲ. ಒಣಗಿದ್ದರಿಂದ ಎದ್ದು ಕಾಣುವ ಸಣ್ಣ ಗೆರೆಗಳು ಮೆತ್ತಗಾಗುತ್ತವೆ, ಅಷ್ಟೆ. ಆಳದ ಸುಕ್ಕು ಬಹುಪಾಲು ಬಿಸಿಲಿನ ಕೆಲಸ. 28 ವರ್ಷ ಟ್ರಕ್ ಓಡಿಸಿದ ಅಮೆರಿಕದ ಚಾಲಕನೊಬ್ಬನ ಚಿತ್ರವನ್ನು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ 2012ರಲ್ಲಿ ಪ್ರಕಟಿಸಿತ್ತು: ಕಿಟಕಿಯ ಕಡೆಗಿದ್ದ ಎಡಗೆನ್ನೆ ಜೋತು ಸುಕ್ಕುಗಟ್ಟಿದೆ, ಬಲಗೆನ್ನೆ ಅದಕ್ಕಿಂತ ಎಷ್ಟೋ ನಯವಾಗಿದೆ. ನಾಟಿ, ಕಳೆ ಎಂದು ದಿನವಿಡೀ ಬಯಲಲ್ಲಿ ಬಗ್ಗುವ ಹೆಂಗಸರಿಗೆ ಹಣೆ ಮುಚ್ಚುವ ಸೆರಗು, ಟವೆಲ್ಲು ಹಗಲಿನ ಆರೈಕೆ, ತುಪ್ಪ ರಾತ್ರಿಯದು. ಮೊಡವೆ ಏಳುವ ಎಣ್ಣೆಮುಖದ ಹರೆಯದವರಿಗೆ ಇದು ಬೇಡವೇ ಬೇಡ. ತುಪ್ಪ ದುಬಾರಿ ಎಂದು ಹಿಂಜರಿಯುವವರಿಗೆ ಅಳತೆ ಹೇಳುತ್ತೇನೆ: ಒಂದು ರಾತ್ರಿಗೆ ಕಡಲೆಕಾಳಿನಷ್ಟು ಸಾಕು, ಕತ್ತಿಗೂ ಸೇರಿಸಿ.