ನಂಬರ್ ನನ್ನದು, ಟವರ್ ಅವರದು

ಅಪ್ಪನ ಕಾಲದಲ್ಲಿ ಫೋನ್ ಬಿಡುವ ಮಾತೇ ಇರಲಿಲ್ಲ, ಸಿಗುವುದೇ ದೊಡ್ಡ ಸಂಗತಿ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಮೇಲೆ ಮನೆಗೆ ಬಂದ ಆ ಕಪ್ಪು ಯಂತ್ರ ಬೆಂಗಳೂರಿನದೇ. 1948ರಲ್ಲಿ ಶುರುವಾದ ಐಟಿಐ, ಅಂದರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ, ದೇಶಕ್ಕೆಲ್ಲ ಫೋನ್ ತಯಾರಿಸಿ ಕೊಡುತ್ತಿತ್ತು. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರ ಎಂಬ ಹೆಸರೇ ನಿಂತುಬಿಟ್ಟಿತು. ಮಳೆಗಾಲದಲ್ಲಿ ಲೈನ್ ಸತ್ತರೆ ಲೈನ್‌ಮನ್‌ಗೆ ಕಾಫಿ ಕೊಟ್ಟು, ಹೋಗುವಾಗ ಎರಡು ತೆಂಗಿನಕಾಯಿಯನ್ನೂ ಕೊಡುವುದು. ಸಿಟ್ಟು ಬಂದರೂ ಹೋಗುವುದೆಲ್ಲಿಗೆ? ಇದ್ದದ್ದು ಒಂದೇ ಇಲಾಖೆ. ನಂಬರ್ ಕೂಡ ನಮ್ಮದಲ್ಲ, ಎಕ್ಸ್‌ಚೇಂಜಿನದು. ದೂರದ ಬಡಾವಣೆಗೆ ಮನೆ ಬದಲಿಸಿದಾಗ ನಂಬರ್ ಹಳೇ ಬೀದಿಯಲ್ಲೇ ಉಳಿಯಿತು, ಅಮ್ಮ ಕೂತು ನೆಂಟರಿಗೆಲ್ಲ ಕಾರ್ಡ್ ಬರೆದಳು.

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖ್‌ರಾಮ್ ಜೊತೆ ಮೊಬೈಲಿನಲ್ಲಿ ಮಾತಾಡಿದ ಮೇಲೆ ನಂಬರ್ ಮನೆ ಬಿಟ್ಟು ಮನುಷ್ಯನ ಜೇಬಿಗೆ ಬಂತು. ಬರುವ ಕರೆಗೂ ದುಡ್ಡು ಕೊಡಬೇಕಾಗಿದ್ದ ದಿನಗಳು ಅವು; ಆ ಕಾಟ ತೊಲಗಿದ್ದು 2003ರಲ್ಲಿ. ನಮ್ಮ ಕಡೆ ಆಗ ನಂಬರ್ ಎಂದರೆ ಗೋತ್ರ ಇದ್ದ ಹಾಗೆ: 98440 ಎಂದರೆ ಸ್ಪೈಸ್, 98450 ಎಂದರೆ ಏರ್‌ಟೆಲ್, 94480 ಎಂದರೆ ಬಿಎಸ್ಸೆನ್ನೆಲ್. ಆಮೇಲೆ ಸ್ಪೈಸ್ ಹೋಗಿ ಐಡಿಯಾ ಆಯಿತು, ಹಚ್ ಹೋಗಿ ವೊಡಾಫೋನ್ ಆಯಿತು, 2018ರಲ್ಲಿ ಅವೆರಡೂ ಒಂದಾದವು. ಅದೇ ವರ್ಷ ಏರ್‌ಸೆಲ್ ಬಾಗಿಲು ಹಾಕಿತು. ಅದರ ಚಂದಾದಾರರು ಮಾತ್ರ ತಮ್ಮ ಹಳೇ ನಂಬರ್ ಹಿಡಿದುಕೊಂಡೇ ಬೇರೆ ಕಂಪನಿಗಳಿಗೆ ನಡೆದರು.

ಹೀಗೆ ನಡೆಯುವ ಹಕ್ಕು ಮೊದಲು ಹರಿಯಾಣದವರಿಗೆ ಸಿಕ್ಕಿದ್ದು 2010ರ ನವೆಂಬರ್ 25ರಂದು, ದೇಶಕ್ಕೆಲ್ಲ 2011ರ ಜನವರಿ 20ರಂದು. ಕಲಬುರಗಿಯ ಹುಡುಗ ಪುಣೆಗೆ ಹೋಗಿ ನೆಲೆಸಿದರೂ ತನ್ನ ನಂಬರಿನಲ್ಲೇ ಅಲ್ಲಿನ ಚಂದಾದಾರನಾಗಬಹುದು ಎಂದಾದದ್ದು 2015ರ ಜುಲೈನಲ್ಲಿ. ಈ ಹಕ್ಕು ಬರುವ ಮೊದಲು ಕಂಪನಿ ಬಿಟ್ಟರೆ ನಂಬರೂ ಬಿಟ್ಟ ಹಾಗೇ. ನಮ್ಮ ನಂಬರ್ ಒತ್ತೆ ಇಟ್ಟುಕೊಂಡು ಅವರು ನೆಮ್ಮದಿಯಾಗಿದ್ದರು.

ನನ್ನ ಕಂಪನಿಯ ಹೆಸರು ಬೇಡ. ಅದರ ಸಿಗ್ನಲ್ ನಮ್ಮ ಮನೆಯಲ್ಲಿ ಸಿಗುತ್ತಿದ್ದುದು ತಾರಸಿಯ ನೀರಿನ ಟ್ಯಾಂಕಿನ ಬಳಿ ಮಾತ್ರ. ಬಿಲ್ಲಿಗೆ ಮಾತ್ರ ಆ ತೊಂದರೆ ಇರಲಿಲ್ಲ, ಅದು ಎಲ್ಲಿದ್ದರೂ ತಲುಪುತ್ತಿತ್ತು. ದೂರು ಕೊಡಲು ಕರೆದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ, ಕೊನೆಗೆ ಸಂಗೀತ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಮುಂದೆ ನಂಬರ್ ಹಾಕಿ, 1900ಕ್ಕೆ ಕಳಿಸಿದೆ ನೋಡಿ, ಎಂಟಕ್ಷರದ ಕೋಡ್ ಬಂತು. ಅದರ ಬೆನ್ನಿಗೇ ಪ್ರೀತಿಯೂ ಬಂತು.

"ಸರ್, ನಮ್ಮಿಂದ ಏನು ತಪ್ಪಾಯಿತು?" ಎಂದಿತು ಒಂದು ಮೃದು ದನಿ. ಇಷ್ಟು ವರ್ಷದಲ್ಲಿ ಆ ಕಡೆಯಿಂದ ಯಾರೂ ಕೇಳದಿದ್ದ ಪ್ರಶ್ನೆ. ಟ್ಯಾಂಕಿನ ಬಳಿಯೇ ನಿಂತಿದ್ದೆನಾದ್ದರಿಂದ ಸ್ಪಷ್ಟವಾಗಿ ಕೇಳಿಸಿತು. ಅರ್ಧ ಬಿಲ್ಲಿಗೆ ದುಪ್ಪಟ್ಟು ಡೇಟಾ ಕೊಡುತ್ತಾರಂತೆ.

"ಈ ಪ್ಲಾನ್ ನಿನ್ನೆವರೆಗೆ ಎಲ್ಲಿತ್ತಮ್ಮ?"

"ಇದು ಬಿಟ್ಟುಹೋಗುವವರಿಗೆ ಮಾತ್ರ ಸರ್."

ಆ ಹುಡುಗಿಯ ಪ್ರಾಮಾಣಿಕತೆ ಇಷ್ಟವಾಯಿತು. ಬಿಟ್ಟೇ ಹೋಗಬೇಕೆಂಬ ನಿರ್ಧಾರ ಗಟ್ಟಿಯಾದದ್ದೂ ಆ ಮಾತಿನಿಂದಲೇ.

ಹೊಸ ಕಂಪನಿ ಭಾರೀ ಸುಧಾರಿಸಿದ್ದು ಎಂದೇನೂ ನಾನು ಹೇಳಲಾರೆ. ಅದರ ಸಿಗ್ನಲ್ ಅಡುಗೆಮನೆಯವರೆಗೆ ಇಳಿದಿದೆ, ಹಾಲ್‌ಗೆ ಇನ್ನೂ ಬಂದಿಲ್ಲ. ಬರದಿದ್ದರೆ 90 ದಿನ ಕಳೆದ ಮೇಲೆ ಮತ್ತೆ 1900 ಇದ್ದೇ ಇದೆ, ಅದಕ್ಕೆ ಮೊದಲು ಬಿಡಲು ನಿಯಮ ಒಪ್ಪುವುದಿಲ್ಲ. ನೀವೂ ಹೊರಡುವವರಾದರೆ ಪೋಸ್ಟ್‌ಪೇಯ್ಡ್ ಬಾಕಿ ಮೊದಲು ತೀರಿಸಿ, ಇಲ್ಲವಾದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಸಿಮ್ ಬದಲಾಗುವ ರಾತ್ರಿ ಫೋನ್ ಕೆಲವು ಗಂಟೆ ಸುಮ್ಮನಾಗುತ್ತದೆ, ಬ್ಯಾಂಕಿನ ಒಟಿಪಿ ಕೆಲಸ ಹಿಂದಿನ ದಿನವೇ ಮುಗಿಸಿಕೊಳ್ಳಿ. ಮೃದು ದನಿಯ ಮಾತು ಕೇಳುತ್ತ ಕೂರಬೇಡಿ, ಆ ಎಂಟಕ್ಷರದ ಆಯುಸ್ಸು ನಾಲ್ಕೇ ದಿನ.