ಪತ್ರಿಕೆಗೆ ಮುಂಚಿನ ಮಾತು

ಹುಣಸೂರು, 8 ಫೆಬ್ರವರಿ 2026, ಭಾನುವಾರ

ನಿಶ್ಚಿತಾರ್ಥ ಚೆನ್ನಾಗಿ ಮುಗಿಯಿತು. ಪುರೋಹಿತರು ಲಗ್ನಪತ್ರಿಕೆ ಓದಿ, ಅರಿಸಿನ ಕುಂಕುಮ ಹಚ್ಚಿ ಎರಡೂ ಕಡೆಯವರ ಕೈಗೆ ಕೊಟ್ಟರು. ತಂಗಿಯ ಮಗಳ ಮದುವೆ ಏಪ್ರಿಲ್ 26, ಭಾನುವಾರ, ವೈಶಾಖ ಶುದ್ಧ ದಶಮಿ. ಹಿಂದಿನ ಸಂಜೆ ಆರತಕ್ಷತೆ. ಎರಡೂ ಕೆ.ಆರ್. ನಗರದಲ್ಲಿ, ಗಂಡಿನ ಕಡೆಯವರ ಊರಿಗೆ ಹತ್ತಿರ.

ಮಂಟಪ ಸಿಕ್ಕಿದ್ದೇ ದೊಡ್ಡದು. ಈ ಸಲ ಅಧಿಕ ಜ್ಯೇಷ್ಠ. ಮೇ 17ರಿಂದ ಜೂನ್ 15ರವರೆಗೆ ಮದುವೆಗಳಿಲ್ಲ. ಜುಲೈ ನಡುವಿಗೆ ಆಷಾಢ ಹಿಡಿಯುತ್ತದೆ. ಹಾಗಾಗಿ ಬಹಳಷ್ಟು ಮನೆಯ ಮದುವೆಗಳು ಯುಗಾದಿಯಿಂದ ಮೇ ನಡುವಿನ ಆ ಕೆಲವು ವಾರಗಳಿಗೇ ಬಂದು ಬಿದ್ದಿವೆ. ಒಂದೇ ಭಾನುವಾರಕ್ಕೆ ಒಂದೇ ಮನೆಗೆ ಮೂರು ಪತ್ರಿಕೆ ಬಂದರೆ, ಮೊದಲು ಹೇಳಿದವರ ಮನೆಗೇ ಜನ ಹೋಗುವುದು.

ಅದಕ್ಕೇ ಮದುವೆಯ ಹುಡುಗಿ, ನಮ್ಮ ಮಗು, ಹೇಳಿದಳು: "ಮಾವ, ಕಾರ್ಡ್ ಅಚ್ಚಾಗೋದು ಮಾರ್ಚಿಗೆ. ಈಗಲೇ ಒಂದು ಸೇವ್ ದಿ ಡೇಟ್ ಕಳಿಸೋಣ. ನೀನೇ ಬರ್ಕೊಡು." ಒಪ್ಪಿದೆ. ಮೇಷ್ಟ್ರ ಕೆಲಸ ಮಾಡಿದವನಿಗೆ ಇದಕ್ಕಿಂತ ಒಳ್ಳೆಯ ಬರವಣಿಗೆ ಯಾವುದಿದೆ?

10 ಫೆಬ್ರವರಿ, ಮಂಗಳವಾರ

ಯಾರಿಗೆ ಬರೆಯುತ್ತಿದ್ದೇನೆ ಎಂದು ಮೊದಲು ಯೋಚಿಸಿದೆ. ಪಿರಿಯಾಪಟ್ಟಣದ ಕಡೆಯ ನಮ್ಮ ನೆಂಟರೆಲ್ಲ ಹೊಗೆಸೊಪ್ಪಿನವರು. ಏಪ್ರಿಲ್ ಕೊನೆಯಲ್ಲಿ ಸಸಿ ಮಡಿಯಲ್ಲಿರುತ್ತದೆ. ನಾಲ್ಕು ಹನಿ ಮಳೆ ಬಿದ್ದರೆ ನಾಟಿಗೆ ಆಳು ಹುಡುಕುವ ಕಾಲ. ಎರಡು ದಿನ ಹೊಲ ಬಿಟ್ಟು ಬರಬೇಕಾದರೆ ಅವರಿಗೆ ಮುಂಚೆಯೇ ಗೊತ್ತಿರಬೇಕು. ಹುಬ್ಬಳ್ಳಿಯಲ್ಲಿರುವ ಚಿಕ್ಕಪ್ಪನ ಮಕ್ಕಳಿಗೆ ರೈಲಿನ ಚಿಂತೆ. ಅರಸೀಕೆರೆ, ಹಾಸನ ಹಾದು ಬರುವ ದಾರಿ ಕೆ.ಆರ್. ನಗರದ ಮೂಲಕವೇ ಮೈಸೂರಿಗೆ ಹೋಗುತ್ತದೆ, ನಿಜ. ಆದರೆ ಈಗ ಮುಂಗಡ ಟಿಕೆಟ್ ಸಿಗುವುದು 60 ದಿನ ಮೊದಲಿನಿಂದ ಮಾತ್ರ. ಅಂದರೆ ಈ ತಿಂಗಳ ಕೊನೆಯ ವಾರಕ್ಕೆ ಬುಕಿಂಗ್ ಶುರುವಾಗುತ್ತದೆ. ಅಷ್ಟರೊಳಗೆ ನಮ್ಮ ಮಾತು ಅವರಿಗೆ ತಲುಪಿರಬೇಕು.

ಹೀಗೆ ನೋಡಿದರೆ ಇದರಲ್ಲಿ ಬೇಕಾದದ್ದು ಬಹಳ ಕಡಿಮೆ. ಯಾರ ಮದುವೆ, ಯಾವತ್ತು, ಯಾವ ಊರು. ಧಾರೆಯ ಲಗ್ನ, ಗಳಿಗೆ, ಪರಾಭವ ಸಂವತ್ಸರ, ಅಜ್ಜ ಅಜ್ಜಿಯರ ಹೆಸರು, ಕೊನೆಯಲ್ಲಿ ಹತ್ತು ಜನ ಆಗಮನಾಭಿಲಾಷಿಗಳು, ಇವೆಲ್ಲ ದೊಡ್ಡ ಪತ್ರಿಕೆಯ ಪಾಲು. ಅದರ ಗತ್ತು ನನಗೆ ಇಷ್ಟವೇ. ಚಿ|| ಕುಂ|| ಸೌ|| ಎಂದು ಓದುವಾಗ ಈಗಲೂ ಮನಸ್ಸು ಅರಳುತ್ತದೆ. ಆದರೆ ಅದನ್ನೆಲ್ಲ ಇಲ್ಲಿಗೇ ತುಂಬಿದರೆ, ಪತ್ರಿಕೆ ಬಂದಾಯಿತು, ಫೋನಿನಲ್ಲೇ ಕರೆದು ಮುಗಿಸಿದರು ಎಂದು ಹಿರಿಯರು ನೊಂದುಕೊಳ್ಳುತ್ತಾರೆ. ನಮ್ಮ ಕಡೆ ಮನೆ ಬಾಗಿಲಿಗೆ ಹೋಗಿ, ಕುಂಕುಮವಿಟ್ಟು, ಅಕ್ಷತೆ ಕೊಟ್ಟು ಕರೆದರೆ ಮಾತ್ರ ಕರೆದ ಹಾಗೆ. "ಮನೆಗೆ ಬಂದು ಕರೆಯುತ್ತೇವೆ" ಎಂಬ ಮಾತು ಇದರಲ್ಲಿ ಇರಲೇಬೇಕು. ಅದನ್ನು ಬಿಟ್ಟರೆ ಉಳಿದ ಬರಹಕ್ಕೆ ಬೆಲೆಯಿಲ್ಲ.

15 ಫೆಬ್ರವರಿ, ಶಿವರಾತ್ರಿ

ತಂಗಿಯ ಮನೆಯಲ್ಲಿ ಉಪವಾಸ. ಬೆಟ್ಟದಪುರದ ಬೆಟ್ಟ ಹತ್ತಿ ಸಿಡಿಲು ಮಲ್ಲಿಕಾರ್ಜುನನಿಗೆ ಕೈಮುಗಿದು ಬಂದ ಮಕ್ಕಳು ಜಗಲಿಯಲ್ಲಿ ಮಲಗಿದ್ದರು. ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಅಣ್ಣಯ್ಯ, ನನ್ನ ಹೆಸ್ರು ಯಾಕೆ? ನಿಂದೂ ಅತ್ತಿಗೇದೂ ಹಾಕ್ಸು. ಧಾರೆ ಎರೆಯೋರು ನೀವೇ ಅಲ್ವಾ?"

ಬಾವ ಹೋದ ಮೇಲೆ ಈ ಮನೆ ನಿಂತಿರುವುದು ಇವಳ ಬೆನ್ನಿನ ಮೇಲೆ. ಮಡಿ ಹಾಕಿದ್ದು, ಸೊಪ್ಪು ಮುರಿದದ್ದು, ರಾತ್ರಿಯಿಡೀ ಸೊಪ್ಪು ಹದಮಾಡುವ ಬ್ಯಾರನ್ ಮನೆಯ ಬೆಂಕಿ ಕಾದದ್ದು, ಹರಾಜು ಕಟ್ಟೆಯಲ್ಲಿ ಬೇಲಿನ ಪಕ್ಕ ನಿಂತು ದರ ಕೇಳಿದ್ದು, ಎಲ್ಲ ಇವಳೇ. ಸೊಪ್ಪಿನ ಅಂಟು ಕರೆಗಟ್ಟಿದ ಆ ಬೆರಳುಗಳನ್ನು ನೋಡಿದವರು ಯಾರೂ ಮಗಳ ಮದುವೆಯನ್ನು ಬೇರೆಯವರು ಮಾಡುತ್ತಿದ್ದಾರೆ ಎನ್ನಲಾರರು. ಗಂಡ ಸತ್ತವಳು ಎಂಬ ಒಂದೇ ಕಾರಣಕ್ಕೆ ಹೆತ್ತವಳು ಪತ್ರಿಕೆಯಲ್ಲಿ ಹಿಂದೆ ಸರಿಯುವ ಪದ್ಧತಿ ನನಗೆ ಸಹ್ಯವಲ್ಲ. ಕುವೆಂಪು ಅವರು ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಮಾಡಿ ಅರವತ್ತು ವರ್ಷವಾಗುತ್ತ ಬಂತು. ನಮ್ಮ ಜಿಲ್ಲೆಯಲ್ಲಿ ಅದನ್ನು ಮೆಚ್ಚಿ ಮಾತಾಡುವವರು ಎಷ್ಟು ಜನ! ಅಷ್ಟೆಲ್ಲ ಬೇಡ, ಒಬ್ಬ ತಾಯಿಯ ಹೆಸರನ್ನು ಮೊದಲ ಸಾಲಿನಲ್ಲಿ ಬರೆಯುವ ಧೈರ್ಯವಾದರೂ ನಮಗೆ ಇರಬೇಡವೇ?

"ನಿನ್ನ ಹೆಸರು ಮೊದಲು. ಆಮೇಲೆ ಬಾವನದು. ನಾವು ಕೊನೆಗೆ," ಎಂದೆ. "ಬೀಗರು ಏನಂತಾರೋ," ಎಂದಳು.

ಅಲ್ಲಿಂದಲೇ ಫೋನ್ ಮಾಡಿದೆ. ಚುಂಚನಕಟ್ಟೆಯ ಬೀಗಿತ್ತಿ ಪೂರ್ತಿ ಕೇಳಿಸಿಕೊಂಡರು. "ನಮ್ಮನೇಲಿ ನನ್ನ ಹೆಸ್ರೂ ಇವರ ಹೆಸ್ರೂ ಹಾಕ್ತೀವಿ. ನಿಮ್ಮನೇಲಿ ಅಮ್ಮನ ಹೆಸರಿಲ್ಲದೆ ಹೆಂಗೆ ಅಣ್ಣ?" ತಂಗಿ ಆಮೇಲೆ ಬೇಡವೆನ್ನಲಿಲ್ಲ.

17 ಫೆಬ್ರವರಿ, ಮಂಗಳವಾರ

ದೊಡ್ಡ ಪತ್ರಿಕೆಯ ವಿಚಾರಕ್ಕೆ ಪ್ರೆಸ್ಸಿಗೆ ಹೋಗಿದ್ದೆ. ಕಾಗದ, ಬಣ್ಣ ತೋರಿಸುವ ಮೊದಲು ಹುಡುಗ ಹುಡುಗಿಯ ವಯಸ್ಸಿನ ದಾಖಲೆ ಕೇಳಿದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು ಕೊಟ್ಟೆ. ಹುಡುಗಿಗೆ 18, ಹುಡುಗನಿಗೆ 21 ತುಂಬದೆ ಅಚ್ಚು ಹಾಕುವುದಿಲ್ಲವಂತೆ. ಸರಿಯಾದ ಕೆಲಸ. 2016ರ ತಿದ್ದುಪಡಿಯ ನಂತರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಆದರೂ ಕದ್ದು ಮಾಡುವವರು ಇದ್ದಾರೆ. ಅಚ್ಚಿನ ಮನೆಯಲ್ಲೇ ಒಂದು ಮದುವೆ ನಿಂತರೆ ಒಂದು ಹುಡುಗಿಯ ಓದು ಉಳಿಯುತ್ತದೆ.

ಇನ್ನೊಂದನ್ನೂ ಹೇಳಿದರು: ಮದುವೆ ನೋಂದಣಿಗೆ ಹೋದಾಗ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಪತ್ರಿಕೆಯನ್ನೂ ಕೇಳುತ್ತಾರೆ. ಹೆಸರು ಆಧಾರಿನಲ್ಲಿರುವಂತೆಯೇ ಇರಬೇಕು, ದಿನ, ಸ್ಥಳ ತಪ್ಪಬಾರದು. ಮನೆಯಲ್ಲಿ ಕರೆಯುವ ಹೆಸರು ಚಿಕ್ಕದರಲ್ಲಿ ಇರಲಿ, ದೊಡ್ಡದರಲ್ಲಿ ದಾಖಲೆಯ ಹೆಸರೇ ಇರಲಿ ಎಂದು ತೀರ್ಮಾನ.

18 ಫೆಬ್ರವರಿ, ಬುಧವಾರ

ಸೇವ್ ದಿ ಡೇಟಿನ ಕೊನೆಯ ರೂಪ ಇದು. ಮೇಲೆ ಎರಡೂ ಮನೆದೇವರು, ಸಿಡಿಲು ಮಲ್ಲಿಕಾರ್ಜುನ ಮತ್ತು ಚುಂಚನಕಟ್ಟೆಯ ಕೋದಂಡರಾಮ. ಕೆಳಗೆ ತಂಗಿಯ ಹೆಸರು, ಬಾವನ ಹೆಸರು, ಬೀಗರಿಬ್ಬರ ಹೆಸರು, ಕೊನೆಗೆ ನಾವು. ನಡುವೆ ಹುಡುಗ ಹುಡುಗಿಯನ್ನು ಮನೆಯಲ್ಲಿ ಕರೆಯುವ ಹೆಸರು, ಆಮೇಲೆ ಇಷ್ಟು:

"ನಮ್ಮ ಮಕ್ಕಳ ಮದುವೆ ಗೊತ್ತಾಗಿದೆ. 2026 ಏಪ್ರಿಲ್ 25, ಶನಿವಾರ ಸಂಜೆ ಆರತಕ್ಷತೆ. 26, ಭಾನುವಾರ ಬೆಳಿಗ್ಗೆ ಧಾರೆ. ಊರು ಕೆ.ಆರ್. ನಗರ. ಆ ಎರಡು ದಿನ ನಮಗಾಗಿ ಬಿಡುವು ಮಾಡಿಕೊಳ್ಳಿ. ಯುಗಾದಿ ಕಳೆದ ಮೇಲೆ ಪತ್ರಿಕೆ ಹಿಡಿದು ಮನೆಗೆ ಬಂದು ಕರೆಯುತ್ತೇವೆ."

ಬೀಗರೂಟದ ಮಾತು ಸೇರಿಸಲಿಲ್ಲ. ಅದನ್ನು ಬಾಯಲ್ಲೇ ಹೇಳುವುದು ಚೆಂದ. ಉಡುಗೊರೆ ಬೇಡ ಎಂಬ ಸಾಲನ್ನೂ ಬಿಟ್ಟೆ. ಮುಯ್ಯಿ ಮಾಡುವುದು ನೆಂಟರ ಹಕ್ಕು, ಬೇಡವೆನ್ನಲು ನಾವ್ಯಾರು?

ರಾತ್ರಿ ಮಗು ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸಿದಳು. ಎಚ್.ಡಿ. ಕೋಟೆಯಲ್ಲಿ, ಕಬಿನಿ ಹಿನ್ನೀರಿನ ಕಡೆ ಇರುವ ಸೋದರತ್ತೆಯ ಊರಿನಲ್ಲಿ ಸಿಗ್ನಲ್ ನಿಲ್ಲುವುದಿಲ್ಲ. ಅವರಿಗೆ ಹೇಳಲು ಭಾನುವಾರ ನಾನೂ ಹೆಂಡತಿಯೂ ಬಸ್ಸಿಗೆ ಹೋಗುತ್ತಿದ್ದೇವೆ.